‘ಸ್ಥಳ: ನಗರ’ ಎಂದು ಬರೆದ ಕಾಲೇಜನ್ನು ಓದುವ ಬಗೆ

ಪ್ರಶ್ನೆ: ನಾವು ತಿಕೋಟಾ ಕಡೆಯವರು, ದ್ರಾಕ್ಷಿ ಬೆಳೆಯುತ್ತೇವೆ. ಮಗಳು ಪಿಯುಸಿ ವಿಜ್ಞಾನ ಪಾಸಾಗಿದ್ದಾಳೆ. ವಿಜಯಪುರ ನಗರದ ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಹಚ್ಚಬೇಕೆಂದಿದ್ದೇವೆ. ಬೀಗರು ಮಾತ್ರ ‘ಸರ್ಕಾರಿ ಕಾಲೇಜಿನಲ್ಲಿ ಪಾಠವೇ ನಡೆಯುವುದಿಲ್ಲ, ಧಾರವಾಡಕ್ಕೆ ಕಳಿಸಿ’ ಎನ್ನುತ್ತಾರೆ. ಕಾಲೇಜಿನ ಜಾಲತಾಣದಲ್ಲಿ ಸಂಸ್ಥೆಯ ಪರಿಚಯ ಓದಿದೆ. ಎಷ್ಟು ಎಕರೆ, 2(ಎಫ್), 12(ಬಿ), ನ್ಯಾಕ್ ‘ಬಿ’ ದರ್ಜೆ, ದೂರದೃಷ್ಟಿ, ಧ್ಯೇಯ ಎಂದೆಲ್ಲ ಇದೆ. ಓದಿ ಮುಗಿಸಿದರೂ ಕಾಲೇಜು ಹೇಗಿದೆ ಎಂಬುದು ತಿಳಿಯಲಿಲ್ಲ. ಇದನ್ನು ಹೇಗೆ ಓದಬೇಕು?

ಉತ್ತರ: ತಿಳಿಯದಿದ್ದುದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆ ಪರಿಚಯವನ್ನು ಪಾಲಕರಿಗಾಗಿ ಯಾರೂ ಬರೆದಿಲ್ಲ. ಸರ್ಕಾರಿ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ನಾನು ಎರಡು ಬಾರಿ ಅಂಥ ಪರಿಚಯ ಬರೆಯುವ ಸಮಿತಿಯಲ್ಲಿ ಕುಳಿತಿದ್ದೇನೆ. ಬರೆಯುವಾಗ ನಮ್ಮ ಕಣ್ಣ ಮುಂದಿದ್ದದ್ದು ಎರಡು ದಿನಕ್ಕೆಂದು ಬರುವ ನ್ಯಾಕ್ ತಂಡ, ಅಂದರೆ ಕಾಲೇಜುಗಳ ಗುಣಮಟ್ಟ ಅಳೆದು ದರ್ಜೆ ಕೊಡುವ ರಾಷ್ಟ್ರೀಯ ಸಂಸ್ಥೆಯ ತಂಡ. ಹಳ್ಳಿಯಿಂದ ಬಸ್ ಹತ್ತಿ ಬರುವ ಹುಡುಗಿಯಾಗಲಿ ಅವಳ ತಂದೆಯಾಗಲಿ ನಮಗೆ ನೆನಪಾಗಿರಲಿಲ್ಲ. ‘ದೂರದೃಷ್ಟಿ’, ‘ಧ್ಯೇಯ’ ಎಂಬ ಭಾಗಗಳನ್ನು ನೀವು ಧಾರಾಳವಾಗಿ ದಾಟಿಬಿಡಿ. ಒಂದು ಕಾಲೇಜಿನದನ್ನು ಇನ್ನೊಂದಕ್ಕೆ ಅಂಟಿಸಿದರೂ ಗುರುತು ಸಿಗದಷ್ಟು ಅವು ಒಂದೇ ಅಚ್ಚಿನವು.

ನೀವು ಓದಬೇಕಾದದ್ದು ಬೇರೆ ಇದೆ. ನ್ಯಾಕ್ ಮಾನ್ಯತೆಗೆ ಅರ್ಜಿ ಹಾಕಿದ ಕಾಲೇಜು ‘ಸ್ವ-ಅಧ್ಯಯನ ವರದಿ’ ಎಂಬ ದಪ್ಪ ದಾಖಲೆಯೊಂದನ್ನು ತನ್ನ ಜಾಲತಾಣದಲ್ಲಿ ಇಡಬೇಕು. ನೀವು ನೋಡಿದ ಪರಿಚಯ ಅದರ ಸಂಕ್ಷೇಪವಷ್ಟೇ. ಹುಡುಕುವಾಗ ‘ವಿಜಯಪುರ’ ಎಂದೂ ಹುಡುಕಿ, ‘ಬಿಜಾಪುರ’ ಎಂದೂ ಹುಡುಕಿ. ಊರಿನ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ಕಡತಗಳು ಹಳೆಯ ಹೆಸರಿನಲ್ಲೇ ಇರುತ್ತವೆ. ದೇವನಹಳ್ಳಿ ತಾಲ್ಲೂಕಿನಲ್ಲಿಯೂ ಒಂದು ವಿಜಯಪುರ ಇದೆ ಎಂಬುದು ನೆನಪಿರಲಿ. ಜಿಲ್ಲೆ ನೋಡದೆ ಆ ಊರಿನ ವರದಿ ಓದುತ್ತ ಕುಳಿತವರನ್ನು ನಾನು ಕಂಡಿದ್ದೇನೆ.

ಆ ವರದಿಯಲ್ಲಿ ಮೊದಲು ತೆರೆಯಬೇಕಾದದ್ದು ಹುದ್ದೆಗಳ ಕೋಷ್ಟಕ. ಮಂಜೂರಾದ ಹುದ್ದೆ, ಭರ್ತಿಯಾದದ್ದು, ಇನ್ನೂ ಭರ್ತಿಯಾಗಬೇಕಾದದ್ದು ಎಂಬ ಮೂರು ಸಾಲು ಇರುತ್ತವೆ. ಕಾಲೇಜಿನ ಒಟ್ಟು ಲೆಕ್ಕದಿಂದ ನಿಮಗೆ ಪ್ರಯೋಜನವಿಲ್ಲ. ಕನ್ನಡಕ್ಕೆ, ಇತಿಹಾಸಕ್ಕೆ ಐದಾರು ಕಾಯಂ ಪ್ರಾಧ್ಯಾಪಕರಿದ್ದು ಭೌತಶಾಸ್ತ್ರಕ್ಕೆ ಒಬ್ಬರೂ ಇಲ್ಲದ ಕಾಲೇಜು ಕಾಗದದಲ್ಲಿ ತುಂಬಿದ ಮನೆಯಂತೆ ಕಾಣುತ್ತದೆ. ಆದ್ದರಿಂದ ವಿಭಾಗವಾರು ಪಟ್ಟಿಗೆ ಇಳಿಯಿರಿ. ನಿಮ್ಮ ಮಗಳು ಆರಿಸಿಕೊಳ್ಳುವ ಮೂರು ವಿಷಯಗಳಿಗೆ ಕಾಯಂ ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಜನ ಎಂದು ಬೇರೆ ಬೇರೆಯಾಗಿ ಎಣಿಸಿ. ಕೆಲವು ವರದಿಗಳಲ್ಲಿ ಇಬ್ಬರನ್ನೂ ಕೂಡಿಸಿ ‘ಬೋಧಕರು’ ಎಂದಷ್ಟೇ ಬರೆದಿರುತ್ತಾರೆ.

ಬೀಗರ ಮಾತು ಅರ್ಧ ನಿಜ. ಆ ಅರ್ಧ ನಿಜದ ಬೇರು ಈ ಅತಿಥಿ ಉಪನ್ಯಾಸಕರ ವ್ಯವಸ್ಥೆಯಲ್ಲಿದೆ. ರಾಜ್ಯದಲ್ಲಿ ಸುಮಾರು 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅವುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ದುಡಿಯುತ್ತ ಬಂದಿದ್ದಾರೆ. ಹೆಸರಿಗೆ ಅತಿಥಿ, ಆದರೆ ಮನೆಯನ್ನು ನಡೆಸುವವರೇ ಇವರು. 2022ರ ಜನವರಿಯವರೆಗೆ ಇವರಿಗೆ ತಿಂಗಳಿಗೆ ಸಿಗುತ್ತಿದ್ದದ್ದು 11,000ದಿಂದ 13,000 ರೂಪಾಯಿ. ಆಗ ಗೌರವಧನವನ್ನು ಅರ್ಹತೆ ಮತ್ತು ಅನುಭವಕ್ಕೆ ತಕ್ಕಂತೆ 26,000ದಿಂದ 32,000ಕ್ಕೆ ಏರಿಸಿ, ವಾರದ ಪಾಠವನ್ನು 15 ಗಂಟೆಯವರೆಗೆ ಹೆಚ್ಚಿಸಿದರು. ಒಬ್ಬರಿಗೆ ಹೆಚ್ಚು ಗಂಟೆ ಸಿಕ್ಕಿದಾಗ ಪಕ್ಕದವರ ಗಂಟೆ ಹೋಯಿತು. ಹಲವರು ಆ ವರ್ಷವೇ ಮನೆಗೆ ಹೋದರು. 2023ರ ನವೆಂಬರ್‌ನಲ್ಲಿ ಸೇವೆ ಕಾಯಂಗೊಳಿಸುವಂತೆ ಕೇಳಿ ಅವರು ತರಗತಿ ಬಹಿಷ್ಕರಿಸಿದಾಗ ಎಷ್ಟೋ ಕಾಲೇಜುಗಳಲ್ಲಿ ವಾರಗಟ್ಟಲೆ ಗಂಟೆ ಬಾರಿಸುವುದಷ್ಟೇ ಉಳಿದಿತ್ತು.

ಪೋಷಕರು ಗಮನಿಸದ ಸಂಗತಿಯೊಂದಿದೆ. ಅತಿಥಿ ಉಪನ್ಯಾಸಕರ ನೇಮಕ ಪ್ರತಿ ವರ್ಷ ಹೊಸದಾಗಿ ನಡೆಯುತ್ತದೆ, ಮತ್ತು ಅದು ತರಗತಿ ಆರಂಭವಾದ ಮೇಲೆ ನಡೆಯುತ್ತದೆ. ಮೊದಲು ಕಾಯಂ ಅಧ್ಯಾಪಕರಿಗೆ ಎಷ್ಟು ಕಾರ್ಯಭಾರ ಎಂದು ಲೆಕ್ಕ ಹಾಕಬೇಕು, ಉಳಿದ ಗಂಟೆ ತೋರಿಸಬೇಕು, ಆನ್‌ಲೈನ್ ಅರ್ಜಿ, ಅಂಕಪಟ್ಟಿ, ಆಯ್ಕೆ, ಆಕ್ಷೇಪಣೆ ಎಲ್ಲ ಮುಗಿಯಬೇಕು. ಅಷ್ಟರಲ್ಲಿ ಮೊದಲ ಸೆಮಿಸ್ಟರಿನ ಒಂದು ತಿಂಗಳೋ ಎರಡು ತಿಂಗಳೋ ಉರುಳಿರುತ್ತದೆ. ಬೀಗರು ನೋಡಿದ ಖಾಲಿ ತರಗತಿ ಆ ತಿಂಗಳುಗಳದ್ದಿರಬೇಕು. ಕಾಯಂ ಹುದ್ದೆ ತುಂಬುವುದೂ ನಿಧಾನ: 1,242 ಸಹಾಯಕ ಪ್ರಾಧ್ಯಾಪಕರ ನೇಮಕಕ್ಕೆ 2021ರಲ್ಲಿ ಅಧಿಸೂಚನೆ ಹೊರಟಿತು, 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಯಿತು, ಆಯ್ಕೆಯಾದವರು ತರಗತಿಗೆ ಬರುವಷ್ಟರಲ್ಲಿ ಆ ಪರೀಕ್ಷೆಯ ವರ್ಷ ಮೊದಲ ವರ್ಷಕ್ಕೆ ಸೇರಿದ ಮಕ್ಕಳು ಪದವಿಯ ಬಹುಭಾಗ ಮುಗಿಸಿದ್ದರು.

ಹಾಗೆಂದು ಅತಿಥಿ ಉಪನ್ಯಾಸಕರು ಎಂದ ಕೂಡಲೇ ಮೂಗು ಮುರಿಯಬೇಡಿ. ನನ್ನ ವಿಭಾಗದಲ್ಲಿ ಕೆಲಸ ಮಾಡಿದ ಅತ್ಯುತ್ತಮ ಶಿಕ್ಷಕಿಯೊಬ್ಬರು ಹತ್ತು ವರ್ಷ ಅತಿಥಿಯಾಗಿಯೇ ಇದ್ದರು. ಸಾವಯವ ರಸಾಯನದ ಪಾಠವನ್ನು ಅವರಷ್ಟು ಚೆನ್ನಾಗಿ ನಾನು ಎಂದೂ ಮಾಡಲಿಲ್ಲ. ತೊಂದರೆ ಇರುವುದು ಅವರ ಬೋಧನೆಯಲ್ಲಲ್ಲ, ಅವರ ನೇಮಕದ ಕ್ಯಾಲೆಂಡರಿನಲ್ಲಿ. ನಗರದ ಕಾಲೇಜಿಗೆ ಒಂದು ಅನುಕೂಲ ಉಂಟು. ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಜಿಲ್ಲಾ ಕೇಂದ್ರದ ಹುದ್ದೆಗೆ ಎಲ್ಲರೂ ಮುಗಿಬೀಳುತ್ತಾರೆ; ಮಕ್ಕಳ ಶಾಲೆ, ಆಸ್ಪತ್ರೆ, ರೈಲು ಎಲ್ಲವೂ ಅಲ್ಲಿವೆ. ಹೀಗಾಗಿ ತಾಲ್ಲೂಕು ಕಾಲೇಜುಗಳಿಗಿಂತ ವಿಜಯಪುರದಂಥ ನಗರದಲ್ಲಿ ಕಾಯಂ ಅಧ್ಯಾಪಕರು ಸಿಗುವ ಸಂಭವ ಹೆಚ್ಚು.

ಎರಡನೆಯದಾಗಿ, ವರ್ಷವಾರು ವಿದ್ಯಾರ್ಥಿಗಳ ಸಂಖ್ಯೆ. ಕಾಲೇಜಿನವರು ಒಟ್ಟು ಸಂಖ್ಯೆಯನ್ನು ಹೆಮ್ಮೆಯಿಂದ ಬರೆಯುತ್ತಾರೆ. ನೀವು ಕಾಗದ, ಪೆನ್ನು ತೆಗೆದುಕೊಂಡು ಒಂದು ಕಳೆಯುವ ಲೆಕ್ಕ ಮಾಡಿ. ಒಂದು ವರ್ಷ ಮೊದಲ ಬಿ.ಎಸ್ಸಿ.ಯಲ್ಲಿ ಎಷ್ಟು ಮಂದಿ ಇದ್ದರು, ಎರಡು ವರ್ಷದ ನಂತರ ಅದೇ ಗುಂಪು ಮೂರನೇ ಬಿ.ಎಸ್ಸಿ.ಗೆ ಬಂದಾಗ ಎಷ್ಟು ಮಂದಿ ಉಳಿದರು? ಉದಾಹರಣೆಗೆ 100 ಇದ್ದದ್ದು 55 ಆಗಿದ್ದರೆ ಗಾಬರಿಯಾಗುವುದು ಸಹಜ. ಆದರೆ ವಿಜ್ಞಾನ ವಿಭಾಗದಲ್ಲಿ ಇದಕ್ಕೆ ಬೇರೆಯೇ ಕಾರಣವಿರುತ್ತದೆ. ನೀಟ್, ಸಿಇಟಿ ಸೀಟು ಹಂಚಿಕೆಯ ಸುತ್ತುಗಳು ಮುಗಿಯುವವರೆಗೆ ಮಕ್ಕಳು ಬಿ.ಎಸ್ಸಿ.ಯನ್ನು ಬಸ್ ನಿಲ್ದಾಣದ ಬೆಂಚಿನಂತೆ ಬಳಸುತ್ತಾರೆ. ನರ್ಸಿಂಗ್ ಸಿಕ್ಕಿತು, ಎದ್ದು ಹೋದರು. ಫಾರ್ಮಸಿ ಸಿಕ್ಕಿತು, ಎದ್ದು ಹೋದರು. ಅದಕ್ಕಾಗಿ ಎರಡನೇ ವರ್ಷದಿಂದ ಮೂರನೇ ವರ್ಷಕ್ಕೆ ಎಷ್ಟು ಮಂದಿ ಕಡಿಮೆಯಾದರು ಎಂಬುದನ್ನೇ ಮುಖ್ಯವಾಗಿ ನೋಡಿ. ಆ ಹಂತದಲ್ಲಿ ಬಿಡುವವರು ಬೇರೆ ಸೀಟಿಗಾಗಿ ಬಿಡುವುದಿಲ್ಲ. ಮದುವೆಯಾಗಿ ಬಿಡುತ್ತಾರೆ, ದುಡಿಮೆಗೆ ಹೋಗಿ ಬಿಡುತ್ತಾರೆ, ಬಾಕಿ ವಿಷಯಗಳ ಭಾರಕ್ಕೆ ಸೋತು ಬಿಡುತ್ತಾರೆ. ಕಾಲೇಜು ಮಕ್ಕಳನ್ನು ಹಿಡಿದುಕೊಳ್ಳುತ್ತದೋ ಕೈಬಿಡುತ್ತದೋ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಮೂರನೆಯದಾಗಿ ಓದಬೇಕಾದದ್ದು ವರದಿಯ ‘ದೌರ್ಬಲ್ಯ’ ಎಂಬ ಭಾಗ. ಶಕ್ತಿ, ದೌರ್ಬಲ್ಯ, ಅವಕಾಶ, ಸವಾಲು ಎಂದು ನಾಲ್ಕು ತಲೆಬರಹಗಳಡಿ ಕಾಲೇಜು ತನ್ನ ಬಗ್ಗೆ ತಾನೇ ಬರೆದುಕೊಳ್ಳಬೇಕು. ಇಡೀ ವರದಿಯಲ್ಲಿ ಸತ್ಯ ಜಾರಿ ಬೀಳುವುದು ಈ ಅರ್ಧ ಪುಟದಲ್ಲಿ. ಪ್ರಯೋಗಾಲಯ ಸಾಲದು, ಕಾಯಂ ಗ್ರಂಥಪಾಲಕರಿಲ್ಲ, ಕೊಠಡಿಗಳ ಕೊರತೆಯಿಂದ ಎರಡು ಪಾಳಿ ಎಂದು ಅಲ್ಲಿ ಸಿಗುತ್ತದೆ. ‘ಇಂಗ್ಲಿಷ್ ಸಂವಹನದಲ್ಲಿ ವಿದ್ಯಾರ್ಥಿಗಳು ಹಿಂದೆ’ ಎಂದಷ್ಟೇ ಬರೆದು ಕೈ ತೊಳೆದುಕೊಂಡಿದ್ದರೆ ಎಚ್ಚರ. ತನ್ನ ದೌರ್ಬಲ್ಯ ಕೇಳಿದಾಗ ಮಕ್ಕಳ ದೌರ್ಬಲ್ಯ ಹೇಳುವ ಕಾಲೇಜು ನನಗೆ ಹಿಡಿಸುವುದಿಲ್ಲ.

ಈಗ ‘ಬಿ’ ದರ್ಜೆ. ನ್ಯಾಕ್ 4ಕ್ಕೆ ಅಂಕ ಕೊಡುತ್ತದೆ. 2.01ರಿಂದ 2.50ರವರೆಗೆ ಬಂದರೆ ಬಿ, 2.51ರಿಂದ 2.75ರವರೆಗೆ ಬಿ ಪ್ಲಸ್, 3.01 ದಾಟಿದರೆ ಎ. 1.50 ಅಥವಾ ಅದಕ್ಕಿಂತ ಕಡಿಮೆಯಾದರೆ ಮಾನ್ಯತೆಯೇ ಇಲ್ಲ. ಬಿ ಎಂಬುದು ಅಗಲವಾದ ಪಟ್ಟಿ, 2.03 ಪಡೆದವರೂ 2.48 ಪಡೆದವರೂ ಒಂದೇ ಅಕ್ಷರ ಹೊತ್ತಿರುತ್ತಾರೆ. ಆದ್ದರಿಂದ ಅಕ್ಷರ ಬಿಟ್ಟು ಅಂಕ ನೋಡಿ. ಸಂಯೋಜಿತ ಕಾಲೇಜುಗಳಿಗೆ ಒಟ್ಟು 1,000 ಭಾರಾಂಕದಲ್ಲಿ ಬೋಧನೆ, ಕಲಿಕೆ ಮತ್ತು ಮೌಲ್ಯಮಾಪನ ಎಂಬ ಎರಡನೇ ಮಾನದಂಡಕ್ಕೇ 350 ಇದೆ. ನಿಮ್ಮ ಮಗಳಿಗೆ ಸಂಬಂಧಪಟ್ಟದ್ದು ಅದು. ಸಂಶೋಧನೆಯ ಭಾಗದಲ್ಲಿ ಸರ್ಕಾರಿ ಪದವಿ ಕಾಲೇಜುಗಳು ಸಾಮಾನ್ಯವಾಗಿ ಅಂಕ ಕಳೆದುಕೊಳ್ಳುತ್ತವೆ. ವಾರಕ್ಕೆ 16 ಗಂಟೆ ಪಾಠ ಮಾಡಿ, ಚುನಾವಣೆ ಕೆಲಸ ಮಾಡಿ, ವಿದ್ಯಾರ್ಥಿವೇತನದ ಅರ್ಜಿ ಪರಿಶೀಲಿಸುವವರು ಸಂಶೋಧನಾ ಲೇಖನವನ್ನು ಯಾವಾಗ ಬರೆಯಬೇಕು? ಅಲ್ಲಿ ಹೋದ ಅಂಕಕ್ಕೆ ನೀವು ಚಿಂತಿಸಬೇಕಾಗಿಲ್ಲ. ದರ್ಜೆಯ ಅವಧಿ ಸಾಮಾನ್ಯವಾಗಿ ಐದು ವರ್ಷ, ಅದು ಮುಗಿದಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಈ ದರ್ಜೆಯನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಡಿ. ತಂಡ ಬರುವ ವಾರ ನಮ್ಮ ಕಾಲೇಜಿನಲ್ಲಿ ಗೋಡೆಗೆ ಬಣ್ಣ ಬಂತು, ಕಾರಿಡಾರಿಗೆ ಬಾಡಿಗೆಯ ಹೂಕುಂಡಗಳು ಬಂದವು, ತಂಡ ಹೊರಟ ಮರುದಿನ ಟೆಂಪೊ ಬಂದು ಕುಂಡಗಳನ್ನು ಹೇರಿಕೊಂಡು ಹೋಯಿತು. 2025ರ ಫೆಬ್ರುವರಿಯಲ್ಲಿ ಬೇರೆ ರಾಜ್ಯದ ಸಂಸ್ಥೆಯೊಂದಕ್ಕೆ ಒಳ್ಳೆಯ ದರ್ಜೆ ಕೊಡಲು ಲಂಚ ಪಡೆದ ಆರೋಪದ ಮೇಲೆ ಪರಿಶೀಲನಾ ತಂಡದವರನ್ನೇ ಸಿಬಿಐ ಬಂಧಿಸಿತು. ಒಂದು ರೀತಿಯಲ್ಲಿ ಹೇಳುವುದಾದರೆ, ಬಿ ಪಡೆದ ಸರ್ಕಾರಿ ಕಾಲೇಜಿನ ಬಿ ಪ್ರಾಮಾಣಿಕವಾದ ಬಿ ಆಗಿರುವ ಸಂಭವ ಹೆಚ್ಚು. ಲಂಚಕ್ಕೆ ಅದರ ಬಳಿ ಹಣ ಎಲ್ಲಿದೆ?

2(ಎಫ್), 12(ಬಿ) ಎಂದರೆ 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ ಕಲಮುಗಳು. ಮೊದಲನೆಯದು ಕಾಲೇಜನ್ನು ಯುಜಿಸಿ ಗುರುತಿಸಿದೆ ಎನ್ನುತ್ತದೆ, ಎರಡನೆಯದು ಕೇಂದ್ರದ ಅನುದಾನಕ್ಕೆ ಅರ್ಹತೆ ಇದೆ ಎನ್ನುತ್ತದೆ. ಕಟ್ಟಡ, ಉಪಕರಣಗಳಿಗೆ ದುಡ್ಡು ಬರುವ ದಾರಿ ಅದು. ಪಾಠದ ಗುಣಮಟ್ಟಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಎಕರೆಯ ವಿಷಯ ನಿಮಗೆ ನಾನು ಹೇಳಬೇಕಿಲ್ಲ, ಜಮೀನು ಎಷ್ಟಿದೆ ಎಂಬುದಕ್ಕಿಂತ ಎಷ್ಟರಲ್ಲಿ ಬೆಳೆ ಇದೆ ಎಂಬುದನ್ನು ನೋಡುವವರು ನೀವು.

ಸ್ಥಾಪನೆಯ ವರ್ಷದ ಬಗ್ಗೆಯೂ ಒಂದು ಮಾತು. ನಮ್ಮ ಮೂರು ಜಿಲ್ಲೆಗಳಲ್ಲಿ ಶಿಕ್ಷಣ ಕಟ್ಟಿದ್ದು ಮೊದಲು ಸಂಘಗಳು. ಬಾಗಲಕೋಟೆಯಲ್ಲಿ 1906ರಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘ, ವಿಜಯಪುರದಲ್ಲಿ 1910ರಲ್ಲಿ ಬಿಎಲ್‌ಡಿಇ, ಬೆಳಗಾವಿಯಲ್ಲಿ 1916ರಲ್ಲಿ ಕೆಎಲ್‌ಇ. ಊರಿನ ಹಿರಿಯರ ಬಾಯಲ್ಲಿ ‘ಕಾಲೇಜು’ ಎಂದರೆ ಇಂದಿಗೂ ಈ ಸಂಘಗಳ ಕಾಲೇಜೇ. ಸರ್ಕಾರಿ ಪದವಿ ಕಾಲೇಜುಗಳು ಬಹಳ ತಡವಾಗಿ ಬಂದವು, ಸಂಘದ ಕಾಲೇಜಿನ ಶುಲ್ಕ ಕಟ್ಟಲಾಗದವರಿಗಾಗಿ ಬಂದವು. ಅವುಗಳ ಪರಿಚಯದಲ್ಲಿ ಕಲ್ಲಿನ ಕಮಾನು, ಹೆಸರಾಂತ ಹಳೆಯ ವಿದ್ಯಾರ್ಥಿಗಳ ಸಾಲು ಹುಡುಕಿದರೆ ನಿರಾಶೆಯೇ ಗತಿ. ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದಿದವರೇ ಅವುಗಳ ಹಳೆಯ ವಿದ್ಯಾರ್ಥಿಗಳು. ಅವರು ತಮ್ಮ ಸಾಧನೆಯನ್ನು ಕಾಲೇಜಿಗೆ ಬರೆದು ತಿಳಿಸುವವರಲ್ಲ.

ಪರಿಚಯದಲ್ಲಿ ‘ಸ್ಥಳ: ನಗರ’ ಎಂದು ಬರೆದಿರುವುದು ಕಟ್ಟಡಕ್ಕೆ ಮಾತ್ರ ಅನ್ವಯಿಸುತ್ತದೆ. ಮಕ್ಕಳು ಬರುವುದು ತಿಕೋಟಾ, ಬಬಲೇಶ್ವರ, ಬಸವನಬಾಗೇವಾಡಿ, ಇಂಡಿಯ ಕಡೆಯಿಂದ. ಇಂಥ ಕಾಲೇಜಿನ ನಿಜವಾದ ವೇಳಾಪಟ್ಟಿಯನ್ನು ಬರೆಯುವವರು ಪ್ರಾಂಶುಪಾಲರಲ್ಲ, ಬಸ್ ಡಿಪೊದವರು. ಬೆಳಗಿನ ಮೊದಲ ಅವಧಿಯಲ್ಲಿ ಅರ್ಧ ತರಗತಿ ಖಾಲಿ ಇರುತ್ತದೆ, ಬಸ್ ಬಂದಿಲ್ಲ. ಮಧ್ಯಾಹ್ನ ಮೂರರ ಪ್ರಯೋಗಾಲಯದಲ್ಲಿ ಹುಡುಗಿಯರು ಗಡಿಯಾರ ನೋಡುತ್ತಿರುತ್ತಾರೆ, ಬಸ್ ಹೋಗಿಬಿಡುತ್ತದೆ. ಕಾಲೇಜು ಈ ವಾಸ್ತವಕ್ಕೆ ತಕ್ಕಂತೆ ಪ್ರಯೋಗದ ಅವಧಿ ಇಟ್ಟಿದೆಯೇ ಎಂದು ಕೇಳಿ. ಒಳ್ಳೆಯ ವಿಭಾಗ ಮುಖ್ಯಸ್ಥರು ಈ ಪ್ರಶ್ನೆ ಕೇಳಿದ ಕೂಡಲೇ ಯಾವ ಬಸ್ ಎಷ್ಟಕ್ಕೆ ಎಂದು ಹೇಳಬಲ್ಲರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಪ್ರಯಾಣ ಉಚಿತವಾಗಿರುವುದರಿಂದ ನಿಮ್ಮ ಮಗಳಿಗೆ ಪಾಸಿನ ಖರ್ಚಿಲ್ಲ. ಪ್ರಶ್ನೆ ಇರುವುದು ಹಣದ್ದಲ್ಲ, ಸಮಯದ್ದು.

ಬಸ್ಸಿನ ಮಾತು ಬಂದದ್ದರಿಂದ ಇನ್ನೊಂದು ಗೊಂದಲ ಬಿಡಿಸುತ್ತೇನೆ. ನಮ್ಮ ಜಿಲ್ಲೆಯ ಬಸ್ಸುಗಳ ಮೇಲೆ ‘ಕಲ್ಯಾಣ ಕರ್ನಾಟಕ’ ಎಂದಿರುತ್ತದೆ. ಅದನ್ನು ನೋಡಿ ಪ್ರತಿ ವರ್ಷ ಕೆಲವು ಪಾಲಕರು ಕಲ್ಯಾಣ ಕರ್ನಾಟಕದ ಜಿಲ್ಲೆಗಳವರಿಗೆ ಸಂವಿಧಾನದ 371(ಜೆ) ವಿಧಿಯಡಿ ಸಿಗುವ ಮೀಸಲಾತಿಯ ಪ್ರಮಾಣಪತ್ರ ಕೇಳಿಕೊಂಡು ತಹಶೀಲ್ದಾರರ ಕಚೇರಿಗೆ ಹೋಗುತ್ತಾರೆ. ಸಾರಿಗೆ ನಿಗಮ ಆ ಭಾಗದ್ದು ಹೌದು, ವಿಜಯಪುರ ಜಿಲ್ಲೆ ಮಾತ್ರ 371(ಜೆ) ವ್ಯಾಪ್ತಿಯಲ್ಲಿ ಇಲ್ಲ.

ಇಷ್ಟು ಓದಿದ ಮೇಲೆ ಒಂದು ದಿನ ಕಾಲೇಜಿಗೆ ಹೋಗಿ. ಪ್ರವೇಶದ ಗಡಿಬಿಡಿಯ ದಿನ ಬೇಡ, ಹಿರಿಯ ತರಗತಿಗಳು ನಡೆಯುತ್ತಿರುವ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ. ಪ್ರಾಂಶುಪಾಲರ ಕೋಣೆಗಿಂತ ಮೊದಲು ರಸಾಯನಶಾಸ್ತ್ರ ಪ್ರಯೋಗಾಲಯ ನೋಡಿ. ನನ್ನ ವಿಷಯವೆಂದು ಪಕ್ಷಪಾತ ಮಾಡುತ್ತಿಲ್ಲ. ಕಾಲೇಜಿನ ನಾಡಿ ಸಿಗುವುದು ಅಲ್ಲಿಯೇ. ಒಂದು ಬ್ಯುರೆಟ್‌ಗೆ (ದ್ರಾವಣವನ್ನು ಅಳೆದು ಹನಿಸುವ ಗಾಜಿನ ಕೊಳವೆಗೆ) ಒಬ್ಬ ವಿದ್ಯಾರ್ಥಿ ನಿಂತಿದ್ದಾನೆಯೇ ಅಥವಾ ನಾಲ್ವರು ಸುತ್ತ ನಿಂತು ಒಬ್ಬ ಮಾಡುವುದನ್ನು ನೋಡುತ್ತಿದ್ದಾರೆಯೇ? ಒಡೆದ ಗಾಜಿನ ವಹಿ ಇದೆಯೇ? ವರ್ಷವಿಡೀ ಒಂದು ಪಿಪೆಟ್ಟೂ ಒಡೆಯದ ಪ್ರಯೋಗಾಲಯ ಅಚ್ಚುಕಟ್ಟಾದದ್ದಲ್ಲ, ಬೀಗ ಹಾಕಿದ್ದು.

ಭಟ್ಟಿ ಇಳಿಸಿದ ನೀರು ಎಲ್ಲಿಂದ ಬರುತ್ತದೆ ಎಂದೂ ಕೇಳಿ. ಇದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ನಮ್ಮ ಕಡೆ ಕೊಳವೆಬಾವಿಯ ನೀರು ಗಡಸು, ಅದು ನಿಮ್ಮ ತೋಟದ ಹನಿ ನೀರಾವರಿಯ ಪೈಪುಗಳಲ್ಲಿ ಬಿಳಿಯಾಗಿ ಕಟ್ಟಿಕೊಳ್ಳುವುದನ್ನು ನೀವೇ ನೋಡಿದ್ದೀರಿ. ಆ ಗಡಸುತನ ಅಳೆಯುವ ಇಡಿಟಿಎ ಪ್ರಯೋಗ ಪದವಿ ತರಗತಿಯಲ್ಲಿ ಮಾಮೂಲು: ದ್ರಾವಣ ದ್ರಾಕ್ಷಾರಸದ ಕೆಂಪಿನಿಂದ ಸ್ವಚ್ಛ ನೀಲಿಗೆ ತಿರುಗಬೇಕು. ದ್ರಾವಣ ತಯಾರಿಸುವುದಕ್ಕೇ ನಲ್ಲಿಯ ನೀರು ಬಳಸಿದರೆ ಅದರಲ್ಲಿಯ ಕ್ಯಾಲ್ಸಿಯಂ, ಮೆಗ್ನೀಸಿಯಂ ಲೆಕ್ಕದೊಳಗೆ ಸೇರಿಕೊಂಡು ಉತ್ತರ ಪ್ರತಿ ಬಾರಿಯೂ ತಪ್ಪುತ್ತದೆ. ಆಗ ಮಕ್ಕಳು ಪಕ್ಕದವರ ದಾಖಲೆ ಪುಸ್ತಕದಿಂದ ‘ಸರಿಯಾದ’ ಅಂಕಿಯನ್ನು ಬರೆದುಕೊಳ್ಳುವುದನ್ನು ಕಲಿಯುತ್ತಾರೆ. ಒಂದು ಭಟ್ಟಿ ಯಂತ್ರ ಕೆಟ್ಟು ಕುಳಿತರೆ ಎರಡು ವರ್ಷದ ಮಕ್ಕಳು ಸುಳ್ಳು ಬರೆಯುವುದರಲ್ಲಿ ಪಳಗಿಬಿಡುವುದನ್ನು ನಾನು ಒಂದು ಕಾಲೇಜಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಯಂತ್ರದ ರಿಪೇರಿಗೆ ಬೇಕಿದ್ದ ಹಣ ಹೆಚ್ಚಲ್ಲ, ಅದರ ಕಡತ ತಿರುಗಿದ ದೂರ ಹೆಚ್ಚು.

ಗ್ರಂಥಾಲಯದಲ್ಲಿ ಒಟ್ಟು ಪುಸ್ತಕ ಎಷ್ಟು ಎಂದು ಕೇಳಬೇಡಿ, ನಿನ್ನೆ ಎಷ್ಟು ಪುಸ್ತಕ ಹೊರಗೆ ಹೋದವು ಎಂದು ಕೇಳಿ. ಎನ್-ಲಿಸ್ಟ್ ಯೋಜನೆಯ ವಿದ್ಯುನ್ಮಾನ ಪುಸ್ತಕಗಳಿಗೆ ವಿದ್ಯಾರ್ಥಿಗಳಿಗೆ ಲಾಗಿನ್ ಕೊಡುತ್ತಾರೆಯೇ ಎಂದೂ ವಿಚಾರಿಸಿ. ಉತ್ತರ ಕೊಡಲು ಯಾರಾದರೂ ತಡವರಿಸಿದರೆ, ಇದು ಸಾರ್ವಜನಿಕ ಸಂಸ್ಥೆ ಎಂಬುದನ್ನು ಮರೆಯಬೇಡಿ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿಗೆ ಅರ್ಜಿ ಹಾಕಬಹುದು. ಕಾಲೇಜು ಅಭಿವೃದ್ಧಿ ಸಮಿತಿಗೆ ನಿಮ್ಮ ಕ್ಷೇತ್ರದ ಶಾಸಕರೋ ನಗರದ ಶಾಸಕರೋ ಅಧ್ಯಕ್ಷರಾಗಿರುತ್ತಾರೆ, ಅವರಿಗೂ ಬರೆಯಬಹುದು. ಖಾಸಗಿ ಕಾಲೇಜಿನಲ್ಲಿ ಈ ಎರಡು ಬಾಗಿಲುಗಳು ಇಷ್ಟು ಸುಲಭವಾಗಿ ತೆರೆಯುವುದಿಲ್ಲ.

ಪ್ರವೇಶ, ಶುಲ್ಕದ ವಿಷಯ ಚುಟುಕಾಗಿ. ಅರ್ಜಿಯನ್ನು ಯುಯುಸಿಎಂಎಸ್ ಎಂಬ ರಾಜ್ಯದ ಪದವಿ ಪ್ರವೇಶದ ಜಾಲತಾಣದಲ್ಲಿ ಹಾಕಬೇಕು. 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿದೆ. ನಾಲ್ಕು ವರ್ಷ ಎಂದು ಯಾರಾದರೂ ಹೇಳಿದರೆ ಅದು ಹಳೆಯ ಮಾತು. ಸರ್ಕಾರಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ, ವಿಶ್ವವಿದ್ಯಾಲಯದ ನೋಂದಣಿ ಮತ್ತು ಪರೀಕ್ಷಾ ಶುಲ್ಕಗಳು ಬೇರೆ. ಸರ್ಕಾರದ ವಿದ್ಯಾರ್ಥಿವೇತನಗಳನ್ನು ಎಸ್‌ಎಸ್‌ಪಿ ಎಂಬ ರಾಜ್ಯ ವಿದ್ಯಾರ್ಥಿವೇತನ ತಾಣದಲ್ಲಿ ಕೇಳಬೇಕು, ಆಧಾರ್‌ನಲ್ಲಿರುವ ಹೆಸರೂ ಅಂಕಪಟ್ಟಿಯ ಹೆಸರೂ ಒಂದೇ ಇರಲಿ. ಮಗಳು ಹತ್ತನೇ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಗಳಲ್ಲಿ ಓದಿದ್ದರೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೀಡುವ ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದನ್ನು ತಪ್ಪಿಸಬೇಡಿ.

ಒಂದು ಆಯ್ಕೆ ಮಾತ್ರ ಯೋಚಿಸಿ ಮಾಡಬೇಕು. ಸಹಶಿಕ್ಷಣದ ಕಾಲೇಜಾದರೆ ಪದವಿ ಕೊಡುವುದು 2010ರಲ್ಲಿ ಹುಟ್ಟಿದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಮಹಿಳಾ ಕಾಲೇಜಾದರೆ ವಿಜಯಪುರದಲ್ಲಿಯೇ ಇರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಅದು 2003ರದ್ದು. ಒಂದೇ ಊರಿನಲ್ಲಿ ಓದಿದರೂ ಪಠ್ಯಕ್ರಮ, ಪರೀಕ್ಷೆ, ಫಲಿತಾಂಶದ ದಿನ ಎಲ್ಲ ಬೇರೆ. ಎಂ.ಎಸ್ಸಿ. ಮಾಡುವ ಮನಸ್ಸಿದ್ದರೆ ಎರಡೂ ಕಡೆ ಸ್ನಾತಕೋತ್ತರ ಪ್ರವೇಶದ ನಿಯಮ ನೋಡಿಕೊಂಡೇ ಕಾಲೇಜು ಆರಿಸಿ.

ಇನ್ನು ಧಾರವಾಡ. ಅಲ್ಲಿಯ ಕರ್ನಾಟಕ ಕಾಲೇಜು 1917ರಿಂದ ನಡೆಯುತ್ತಿದೆ, ಅದರ ಮೇಲೆ ಕಲ್ಲೆಸೆಯುವ ಯೋಗ್ಯತೆ ನನಗಿಲ್ಲ. ಆದರೆ ಇನ್ನೂರು ಕಿಲೋಮೀಟರ್ ಆಸುಪಾಸಿನ ದೂರ, ಹಾಸ್ಟೆಲ್ ಸಿಗದಿದ್ದರೆ ಕೋಣೆ ಬಾಡಿಗೆ, ಊಟ. ಅತಿಥಿ ಉಪನ್ಯಾಸಕರ ಸಮಸ್ಯೆ ವಿಜಯಪುರಕ್ಕಷ್ಟೇ ಅಂಟಿದ್ದಲ್ಲ, ಆ ಊರಿಗೆ ಹೋದರೂ ಇದೇ ಪ್ರಶ್ನೆಗಳನ್ನು ಕೇಳಬೇಕು. ನನ್ನನ್ನು ಕೇಳಿದರೆ: ವಿಜಯಪುರದ ಕಾಲೇಜಿನಲ್ಲಿ ಮಗಳ ಮೂರು ವಿಷಯಗಳಲ್ಲಿ ಎರಡಕ್ಕಾದರೂ ಕಾಯಂ ಅಧ್ಯಾಪಕರಿದ್ದರೆ, ಪ್ರಯೋಗಾಲಯದಲ್ಲಿ ಮಕ್ಕಳ ಕೈಗಳು ಕೆಲಸ ಮಾಡುತ್ತಿದ್ದರೆ ಅಲ್ಲಿಯೇ ಹಚ್ಚಿ. ಇಲ್ಲದಿದ್ದರೆ ನಗರದ ಅನುದಾನಿತ ಕಾಲೇಜುಗಳನ್ನು ವಿಚಾರಿಸಿ, ಧಾರವಾಡ ಆಮೇಲೆ.

ಕಾಲೇಜು ನೋಡಲು ಹೋಗುವಾಗ ಮಗಳನ್ನು ಕರೆದುಕೊಂಡು ಹೋಗಿ, ಬೈಕಿನಲ್ಲಿ ಬೇಡ, ಅವಳು ದಿನಾ ಹತ್ತಬೇಕಾದ ಬಸ್ಸಿನಲ್ಲಿಯೇ. ಎರಡನೇ ವರ್ಷದ ಹುಡುಗಿಯರ ಜೊತೆ ಅವಳನ್ನು ಅರ್ಧ ಗಂಟೆ ಮಾತನಾಡಲು ಬಿಟ್ಟು ನೀವು ಹೊರಗೆ ಚಹಾ ಕುಡಿಯಿರಿ. ಯಾವ ಸರ್ ಪಾಠ ಮಾಡುತ್ತಾರೆ, ಯಾವ ಮೇಡಂ ಬರುವುದೇ ಇಲ್ಲ, ಶೌಚಾಲಯದಲ್ಲಿ ನೀರು ಇರುತ್ತದೆಯೇ, ಸಂಜೆ ಕೊನೆಯ ತಿಕೋಟಾ ಬಸ್ಸಿನಲ್ಲಿ ನಿಲ್ಲಲು ಜಾಗ ಸಿಗುತ್ತದೆಯೇ ಎಂಬುದನ್ನೆಲ್ಲ ಅವರು ಅವಳಿಗೆ ಹೇಳುತ್ತಾರೆ, ನಿಮ್ಮೆದುರು ಹೇಳುವುದಿಲ್ಲ.